ಧ್ವನಿವರ್ಧಕ ನಿಲ್ಲಿಸಿದ ಉಪಚುನಾವಣೆ

ಮತದಾನಕ್ಕೆ ಇನ್ನು ಒಂಬತ್ತೇ ದಿನ. ಎದುರಾಳಿಯ ವ್ಯಾನು ಬೆಳಗಿನಿಂದ ಸಂಜೆಯವರೆಗೆ ಬೀದಿ ಬೀದಿಯಲ್ಲೂ ಅವನ ಹೆಸರನ್ನು ಕೂಗುತ್ತಿದೆ. ಇಂಥ ಹೊತ್ತಿನಲ್ಲಿ ನಿಮ್ಮ ಅಭ್ಯರ್ಥಿಯ ಧ್ವನಿವರ್ಧಕವನ್ನು ನೀವಾಗಿಯೇ ನಿಲ್ಲಿಸುವ ಧೈರ್ಯ ನಿಮಗಿದೆಯೇ?

ನನಗೆ ಇರಲಿಲ್ಲ. ಆದರೂ ಆ ಪ್ರಸ್ತಾಪ ಮಂಡಿಸಿದವಳು ನಾನೇ. ಪ್ರಚಾರದ ಆ ಹನ್ನೆರಡು ದಿನಗಳಲ್ಲಿ ಏನೇನು ನಡೆಯಿತು, ಎಲ್ಲೆಲ್ಲಿ ಎಡವಿದೆವು ಎಂಬುದನ್ನು ಇದ್ದ ಹಾಗೆ ದಾಖಲಿಸುವುದು ಈ ಬರಹದ ಉದ್ದೇಶ.

ಕ್ಷೇತ್ರ ಟೋಕಿಯೋ ಕೊಲ್ಲಿಯ ಅಂಚಿನದು. ಕಾಲುವೆಯ ಒಂದು ಬದಿಗೆ ನಲವತ್ತು ಮಹಡಿಯ ಹೊಸ ಗೋಪುರಗಳು. ಬ್ಯಾಂಕು ಮತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರ ಮನೆಗಳು. ಇನ್ನೊಂದು ಬದಿಗೆ ಲಿಫ್ಟ್ ಇಲ್ಲದ, ಐದು ಮಹಡಿಯ ಹಳೆಯ ಸರ್ಕಾರಿ ವಸತಿ ಕಟ್ಟಡಗಳು. ಅಲ್ಲಿ ಹೆಚ್ಚಿನವರು ವೃದ್ಧರು. ಸಂಸತ್ತಿನ ಕೆಳಮನೆಯ ಸ್ಥಾನ ಸದಸ್ಯರ ಅನಾರೋಗ್ಯದಿಂದ ತೆರವಾಗಿತ್ತು. ಮೂರು ತಲೆಮಾರಿನಿಂದ ಅದು ಒಂದೇ ಕುಟುಂಬದ ಕೈಯಲ್ಲಿತ್ತು. ಈಗ ಅವರ ಸೋದರಳಿಯ ಆಳುವ ಪಕ್ಷದ ಹುರಿಯಾಳು. ಪತ್ರಿಕೆಗಳಿಗೆ ಇದು ಮುಗಿದ ವಿಷಯವಾಗಿತ್ತು.

ನಮ್ಮ ಅಭ್ಯರ್ಥಿ ಪಕ್ಷೇತರರು. ಇಪ್ಪತ್ತು ವರ್ಷ ಸೈಕಲ್ ಮೇಲೆ ಆ ಹಳೆಯ ಕಟ್ಟಡಗಳನ್ನು ಸುತ್ತಿ, ಮಲಗಿದಲ್ಲೇ ಇರುವ ರೋಗಿಗಳಿಗೆ ಮನೆಗೇ ಹೋಗಿ ಶುಶ್ರೂಷೆ ಮಾಡಿದ ನರ್ಸ್. ಅಲ್ಲಿ ಎಲ್ಲರೂ ಅವರನ್ನು ಗೌರವದಿಂದ ‘ನರ್ಸ್ ಸಾನ್’ ಎಂದೇ ಕರೆಯುತ್ತಿದ್ದರು. ಸಂಬಳಕ್ಕೆ ಮಿತಿ ಹಾಕಿದ ಸರ್ಕಾರಿ ನಿಯಮದಿಂದಾಗಿ ಈ ಕೆಲಸಕ್ಕೆ ಹೊಸಬರು ಬರುವುದು ನಿಂತಿತ್ತು. ರೋಗಿಯ ಮನೆಗೆ ವಾರಕ್ಕೆ ಮೂರು ಸಲ ಹೋಗುತ್ತಿದ್ದ ಕಡೆ ಎರಡು ಸಲವೂ ಹೋಗಲಾಗುತ್ತಿರಲಿಲ್ಲ. ‘ಈ ನಿಯಮ ಬರೆದವರು ಈ ಮೆಟ್ಟಿಲು ಹತ್ತಿದವರಲ್ಲ’ ಎಂದು ಹೇಳಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಣಕ್ಕಿಳಿದಿದ್ದರು. ಸೋತರೆ ಇಪ್ಪತ್ತು ವರ್ಷ ಕಂಡ ಕೊರತೆಯನ್ನು ಹೇಳಲು ಬೇರೆ ಜಾಗವೇ ಅವರಿಗೆ ಇರಲಿಲ್ಲ.

ನಾನು ಕಚೇರಿಗೆ ರಜೆ ಹಾಕಿ ಅವರ ಬೀದಿ ಭಾಷಣಗಳ ಹೊಣೆ ಹೊತ್ತಿದ್ದೆ. ಜಪಾನಿನ ಪೌರತ್ವ ಪಡೆದು ಕೆಲವು ವರ್ಷಗಳಾಗಿದ್ದವು; ಮತದ ಹಕ್ಕಿತ್ತು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಾದ್ದರಿಂದ, ಸತ್ಯವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಹೇಳಿದರೆ ಜನ ಒಪ್ಪಿಯೇ ಒಪ್ಪುತ್ತಾರೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿತ್ತು.

ಇಲ್ಲಿನ ಎರಡು ನಿಯಮಗಳನ್ನು ಮೊದಲೇ ಹೇಳಬೇಕು. ಒಂದು, ಮತ ಕೇಳಲು ಮನೆಮನೆಗೆ ಹೋಗುವಂತಿಲ್ಲ. ಬಾಗಿಲು ತಟ್ಟಿದರೆ ಅಪರಾಧ. ಇನ್ನೊಂದು, ಮತಪತ್ರದಲ್ಲಿ ಚಿಹ್ನೆಯೂ ಇಲ್ಲ, ಅಚ್ಚಾದ ಹೆಸರೂ ಇಲ್ಲ. ಮತದಾರ ತನಗೆ ಬೇಕಾದವರ ಹೆಸರನ್ನು ಕೈಯಾರೆ ಬರೆಯಬೇಕು. ಹೀಗಾಗಿ ಪ್ರಚಾರವೆಂದರೆ ವ್ಯಾನಿನಲ್ಲಿ ಬಿಳಿ ಕೈಗವಸು ತೊಟ್ಟ ಘೋಷಕಿಯರು ಕೈಬೀಸುತ್ತ ಹೆಸರನ್ನು ಮತ್ತೆ ಮತ್ತೆ ಕೂಗುವುದು. ಕಿವಿಗೆ ಬೀಳದ ಹೆಸರು ಕೈಗೆ ಬರುವುದಿಲ್ಲ ಎಂಬುದು ಇಲ್ಲಿನ ಲೆಕ್ಕಾಚಾರ.

ಆ ಲೆಕ್ಕಾಚಾರದ ದೊಡ್ಡ ಪ್ರತಿಪಾದಕರು ನಮ್ಮ ಕಚೇರಿಯ ಮುಖ್ಯಸ್ಥರು. ನಿವೃತ್ತ ಸ್ಟೇಷನ್ ಮಾಸ್ತರ್. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ನಾವೆಲ್ಲ ಅವರನ್ನು ‘ಜಿಮುಚೋ’ ಎಂದು ಹುದ್ದೆಯ ಹೆಸರಿನಿಂದಲೇ ಕರೆಯುತ್ತಿದ್ದೆವು. ಮೊದಲ ದಿನ, ಮಂಗಳವಾರ, ಭಿತ್ತಿಪತ್ರ ಫಲಕಗಳಲ್ಲಿ ಯಾರಿಗೆ ಯಾವ ಚೌಕ ಎಂದು ಚೀಟಿ ಎತ್ತಿದ ಹತ್ತು ನಿಮಿಷದಲ್ಲಿ ಅವರು ಸ್ವಯಂಸೇವಕರನ್ನು ರೈಲು ಬಿಟ್ಟ ಹಾಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕ್ಷೇತ್ರದ ಎಲ್ಲ ಫಲಕಗಳಲ್ಲೂ ನಮ್ಮ ಅಭ್ಯರ್ಥಿಯ ಮುಖವಿತ್ತು. ಉಳಿದವರು ಕುಳಿತು ಪ್ರತಿಯೊಂದು ಕರಪತ್ರಕ್ಕೂ ಚುನಾವಣಾ ಆಯೋಗದ ಪುಟ್ಟ ಮುದ್ರಾಚೀಟಿಯನ್ನು ಕೈಯಿಂದ ಅಂಟಿಸಿದೆವು. ಅದಿಲ್ಲದ ಕರಪತ್ರ ಹಂಚುವಂತಿಲ್ಲ. ನನ್ನ ಬೆರಳ ಅಂಟು ಎರಡು ದಿನ ಬಿಡಲಿಲ್ಲ.

ಎರಡನೆಯ ದಿನ ನನ್ನಿಂದ ಒಂದು ಎಡವಟ್ಟಾಯಿತು. ಸ್ವಯಂಸೇವಕರು ಕೊಂಬಿನಿ ಎಂಬ ಬೀದಿಬದಿಯ ಅಂಗಡಿಯ ಅನ್ನದುಂಡೆ ತಿಂದುಕೊಂಡು ಓಡಾಡುತ್ತಿದ್ದಾರೆ ಎಂದು ನಾನಿರುವ ಗೋಪುರದಲ್ಲೇ ಇರುವ ಬೆಂಗಳೂರಿನ ಗೆಳತಿಗೆ ಹೇಳಿದ್ದೆ. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅವಳು ಮೂವತ್ತು ಜನಕ್ಕಾಗುವಷ್ಟು ವಾಂಗೀಬಾತನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು, ಆರು ವರ್ಷದ ಮಗಳ ಕೈಹಿಡಿದು ಬಂದಳು. ಜಿಮುಚೋ ಬಾಗಿಲಲ್ಲೇ ತಡೆದರು.

“ಸುಮಿಮಾಸೆನ್, ಕ್ಷಮಿಸಿ, ಇದು ಒಳಗೆ ಬರುವಂತಿಲ್ಲ. ಚುನಾವಣಾ ಕಚೇರಿಗೆ ಬಂದವರಿಗೆ ಚಹಾ, ಚಹಾದ ಜೊತೆ ಸಾಧಾರಣ ಸಿಹಿ. ಅದಕ್ಕಿಂತ ಹೆಚ್ಚು ಯಾರು ಕೊಟ್ಟರೂ ತಪ್ಪು.”

“ಏನಂತೆ ಅಕ್ಕಾ? ಬದನೆಕಾಯಿ ಆಗಲ್ವಂತಾ?” ಎಂದಳು ಗೆಳತಿ.

“ಬದನೆಕಾಯಲ್ಲ ಕಣೇ, ಊಟಾನೇ ಆಗಲ್ಲ. ವೋಟಿಗೋಸ್ಕರ ಊಟ ಹಾಕಿದ ಹಾಗಾಗತ್ತೆ.”

“ಅಯ್ಯೋ, ನಂಗಂತೂ ಇಲ್ಲಿ ವೋಟಿಲ್ಲ. ಅಟ್‌ಲೀಸ್ಟ್ ಅನ್ನ ಹಾಕೋಕಾದ್ರೂ ಬಿಡಿ ಅಂತ ಹೇಳು ಅವ್ರಿಗೆ. ಬಂದೋರಿಗೆ ಊಟ ಇಲ್ಲ ಅಂದ್ರೆ ಅದ್ಯಾವ ಸೀಮೆ ಎಲೆಕ್ಷನ್ನು?”

ಮಗಳು ಜಪಾನಿಯಲ್ಲಿ ಗಂಭೀರವಾಗಿ ಹೇಳಿದಳು: “ಅಮ್ಮಾ, ರೂಲ್ ಅಂದ್ರೆ ರೂಲ್.”

“ನೀನು ಸುಮ್ನಿರೇ ಪೊಲೀಸು. ಅಕ್ಕಾ, ಮೈಸೂರು ಪಾಕ್ ಆದ್ರೆ? ಅದು ಸ್ವೀಟೇ ತಾನೆ? ಕೇಳು ನೋಡೋಣ.”

ಕೇಳಿದೆ. ಜಿಮುಚೋ ನಗಲಿಲ್ಲ. ಫೋನೆತ್ತಿ ಚುನಾವಣಾ ಆಯೋಗದ ಸ್ಥಳೀಯ ಕಚೇರಿಗೆ ಕರೆ ಮಾಡಿದರು. “ಕಡಲೆಹಿಟ್ಟು, ತುಪ್ಪ, ಸಕ್ಕರೆ. ಹೌದು. ಆಕಾರ ಚೌಕ. ಗಾತ್ರ? ಒಂದು ನಿಮಿಷ.” ನನ್ನ ಕಡೆ ತಿರುಗಿ, “ವಸುಧಾ ಸಾನ್, ಗಾತ್ರ?” ಎಂದರು. ಬೆರಳಿನಿಂದ ತೋರಿಸಿದೆ. ಚಹಾದ ಜೊತೆ ಒಂದು ತುಂಡಾದರೆ ಅಡ್ಡಿಯಿಲ್ಲ, ಕಟ್ಟಿಕೊಟ್ಟು ಕಳಿಸುವಂತಿಲ್ಲ ಎಂದು ಉತ್ತರ ಬಂತು. ವಾಂಗೀಬಾತು ಬಂದ ದಾರಿಯಲ್ಲೇ ಹಿಂದಿರುಗಿ ಗೋಪುರದ ಕನ್ನಡ ಮನೆಗಳಿಗೆ ಹಂಚಿಹೋಯಿತು. ಎಲ್ಲದಕ್ಕೂ ಫೋನೆತ್ತುವ ಅವರ ಅಭ್ಯಾಸ ಆ ದಿನ ನನಗೆ ಹಾಸ್ಯಾಸ್ಪದವಾಗಿ ಕಂಡಿತು.

ಮೂರನೆಯ ದಿನ ರೈಲು ನಿಲ್ದಾಣದ ಎದುರು ನಾನು ಬರೆದುಕೊಟ್ಟ ಭಾಷಣವನ್ನು ಅಭ್ಯರ್ಥಿ ಓದಿದರು. ಎದುರಾಳಿಯ ಐದು ಭರವಸೆಗಳು, ಐದಕ್ಕೂ ಖಂಡನೆ. ಸ್ಪರ್ಧೆಯಲ್ಲಾಗಿದ್ದರೆ ತೀರ್ಪುಗಾರರು ತಲೆದೂಗುತ್ತಿದ್ದರು. ಇಲ್ಲಿ ಜನ ಹೆಜ್ಜೆ ಚುರುಕು ಮಾಡಿದರು. ಒಬ್ಬ ಮುದುಕರು ಮಾತ್ರ ಸಮೀಪಕ್ಕೆ ಬಂದು ನನ್ನನ್ನು ಕೇಳಿದರು: “ಕ್ಷಮಿಸಿ, ಅವರು ಯಾರಿಗೆ ಬೈಯುತ್ತಿದ್ದಾರೆ? ನಮಗೇನಾ?”

ನಾಲ್ಕನೆಯ ದಿನ, ಶುಕ್ರವಾರ, ನಿಜವಾದ ಪೆಟ್ಟು ಬಿತ್ತು. ವ್ಯಾನಿನ ದಾರಿಯನ್ನು ನಾನೇ ಗೊತ್ತುಮಾಡಿದ್ದೆ. ನಕ್ಷೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಜಾಗಗಳಿಗೆ ಗಾಢ ಬಣ್ಣ ಹಚ್ಚಿ, ಅವುಗಳನ್ನು ಕಡಿಮೆ ದೂರದಲ್ಲಿ ಜೋಡಿಸುವ ದಾರಿ. ಮಧ್ಯಾಹ್ನ ಒಂದು ಗಂಟೆಗೆ ಹಳೆಯ ವಸತಿ ಕಟ್ಟಡಗಳ ನಡುವೆ ಹೋಗುತ್ತಿದ್ದಾಗ ಐದನೆಯ ಮಹಡಿಯ ಕಿಟಕಿ ತೆರೆಯಿತು. ತಲೆಗೂದಲು ಕೆದರಿದ ಹೆಂಗಸೊಬ್ಬರು ಎರಡೂ ತೋಳುಗಳನ್ನು ಅಡ್ಡಹಾಯಿಸಿ, ಬೇಡ ಎಂದು ನಮಗೆ ತೋರಿಸಿದರು.

“ನಿಲ್ಲಿಸಿ” ಎಂದರು ಅಭ್ಯರ್ಥಿ. ಧ್ವನಿ ಬೇರೆಯಾಗಿತ್ತು.

ಅದು ಅವರ ರೋಗಿಯ ಮನೆ. ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದ ಆ ಹೆಂಗಸಿನ ಗಂಡನಿಗೆ ಮಧ್ಯಾಹ್ನದ ಔಷಧದ ನಂತರ ಮಾತ್ರ ಒಂದಿಷ್ಟು ನಿದ್ದೆ. ಒಂದು ವರ್ಷ ಆ ಔಷಧವನ್ನು ಕೊಟ್ಟ ಕೈ ನಮ್ಮ ಅಭ್ಯರ್ಥಿಯದೇ. ವ್ಯಾನಿನಿಂದಿಳಿದು, ಕಿಟಕಿಯ ಕಡೆಗೆ ಸೊಂಟದವರೆಗೆ ಬಾಗಿ, ಕಿಟಕಿ ಮುಚ್ಚುವವರೆಗೂ ಹಾಗೆಯೇ ನಿಂತರು. ನನ್ನ ನಕ್ಷೆಯಲ್ಲಿ ಆ ಜಾಗಕ್ಕೆ ಎಲ್ಲಕ್ಕಿಂತ ಗಾಢ ಬಣ್ಣವಿತ್ತು.

ಅಂದು ಸಂಜೆ ಕಚೇರಿಯಲ್ಲಿ ಮೂವರೇ ಕುಳಿತೆವು. ವ್ಯಾನಿನ ಧ್ವನಿವರ್ಧಕವನ್ನು ನಾಳೆಯಿಂದ ಪೂರ್ತಿ ನಿಲ್ಲಿಸೋಣ ಎಂದೆ. ನಾವು ಬಾಗಿಲಿಗೆ ಹೋಗುವಂತಿಲ್ಲ. ಹಾಗಾದರೆ ಒಂದೇ ಜಾಗದಲ್ಲಿ ನಿಂತು, ಮೈಕನ್ನು ಜನರ ಕಡೆ ತಿರುಗಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡೋಣ. ಪ್ರಶ್ನೆಗೆ ಮೂವತ್ತು ಸೆಕೆಂಡು, ಉತ್ತರಕ್ಕೆ ತೊಂಬತ್ತು. ಗಂಟೆ ಬಾರಿಸುವ ಕೆಲಸ ನನ್ನದು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಬೇಕು. ಮರುದಿನ ಅದೇ ಜಾಗ, ಅದೇ ಹೊತ್ತಿಗೆ ಉತ್ತರದೊಂದಿಗೆ ಬರಬೇಕು.

ಜಿಮುಚೋ ತಲೆಯಾಡಿಸಿದರು. “ಹೆಸರು ಏಳು ಸಲ ಕೇಳಿದರೆ ಒಂದು ಸಲ ನೆನಪಾಗುತ್ತದೆ. ಇವರ ಹೆಸರನ್ನು ಅರ್ಧ ಕ್ಷೇತ್ರ ಇನ್ನೂ ಒಂದು ಸಲವೂ ಕೇಳಿಲ್ಲ. ವಸುಧಾ ಸಾನ್, ನಿಮ್ಮದು ಸುಂದರವಾದ ಸೋಲು.”

“ಇಂದಿನದು ಗೆಲುವೇ?” ಎಂದೆ. ಚರ್ಚೆಯ ಚಟ.

“ಅಲ್ಲ. ಆದರೆ ಇವರು ಕೆಲಸ ಬಿಟ್ಟು ಬಂದಿದ್ದಾರೆ. ಸೋತರೆ ನಾಳೆ ನೀವು ನಿಮ್ಮ ಆಫೀಸಿಗೆ, ನಾನು ನನ್ನ ತೋಟದ ಮೂಲಂಗಿಗೆ. ಆ ಐದನೆಯ ಮಹಡಿಗೆ ಯಾರು?”

ಅಭ್ಯರ್ಥಿ ಚಹಾದ ಲೋಟವನ್ನು ಕೆಳಗಿಟ್ಟರು. “ಮಲಗಿದವರನ್ನು ಎಬ್ಬಿಸಿ, ನಿಮ್ಮ ಆರೈಕೆಗೆ ನಿಂತಿದ್ದೇನೆ ಎಂದು ಹೇಳಲಾರೆ. ನಿಲ್ಲಿಸಿಬಿಡಿ” ಎಂದರು. ಜಿಮುಚೋ ಎದ್ದು ನಿಂತು ತಲೆಬಾಗಿದರು. ಆ ಕ್ಷಣದಿಂದ ಅವರು ಆ ನಿರ್ಧಾರದ ವಿರುದ್ಧ ಒಂದು ಮಾತನ್ನೂ ಆಡಲಿಲ್ಲ. ವಾದದಲ್ಲಿ ಸೋತವರು ಇಷ್ಟು ನಿಷ್ಠೆಯಿಂದ ಕೆಲಸ ಮಾಡುವುದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಸೂಪರ್ ಮಾರ್ಕೆಟ್ ಎದುರಿನ ಚೌಕದಲ್ಲಿ ಆಯೋಗ ಕೊಟ್ಟ ಗುರುತಿನ ಬಾವುಟ ನೆಟ್ಟು, ಜನರ ಕಡೆಗೆ ಮೈಕ್ ನಿಲ್ಲಿಸಿದೆವು. ಹನ್ನೊಂದು ನಿಮಿಷ ಯಾರೂ ಬರಲಿಲ್ಲ. ಒದ್ದೆ ನೆಲವನ್ನು ತಪ್ಪಿಸಿ ಹೋಗುವ ಹಾಗೆ ಜನ ಮೈಕನ್ನು ಸುತ್ತಿಬಳಸಿ ಹೋದರು. ಮೌನ ತಡೆಯಲಾಗದೆ ನಾನು ಮೈಕಿಗೆ ಬಾಯಿ ಹಾಕಿ ಎದುರಾಳಿಯ ಮೊದಲನೆಯ ಭರವಸೆಯ ಖಂಡನೆ ಶುರುಮಾಡಿದೆ. ಅಭ್ಯರ್ಥಿ ಅಂಗೈಯಿಂದ ಮೈಕನ್ನು ಮೆಲ್ಲಗೆ ಮುಚ್ಚಿದರು.

ಆಗ ತಳ್ಳುಬುಟ್ಟಿಯ ಅಜ್ಜಿಯೊಬ್ಬರು ಬಂದು, ಮೈಕನ್ನು ದಾಟಿ, ಅಭ್ಯರ್ಥಿಯ ಕಿವಿಯಲ್ಲಿ ಏನೋ ಕೇಳಿದರು. ಅವರಾದ ಮೇಲೆ ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ಪಿಸುಗುಟ್ಟಲು ಸಣ್ಣದೊಂದು ಸಾಲೇ ನಿಂತಿತು. ಜನರಲ್ಲಿ ಪ್ರಶ್ನೆಗಳಿದ್ದವು, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಿ ಎದುರಿನವರನ್ನು ಮುಜುಗರಕ್ಕೆ ಸಿಲುಕಿಸುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಇಲ್ಲಿ ಬದುಕಿಯೂ ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದಾರಿ ತೋರಿಸಿದವರು ಜಿಮುಚೋ. “ನನ್ನ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಯಾರೂ ನನ್ನ ಮುಖಕ್ಕೆ ಬೈಯಲಿಲ್ಲ. ದೂರಿನ ಪೆಟ್ಟಿಗೆಯಲ್ಲಿ ಮಾತ್ರ ಪ್ರತಿದಿನ ಬೈದರು. ಪೆಟ್ಟಿಗೆ ಇಡಿ.”

ಮತ್ತೆ ಅದೇ ಫೋನ್. ಹೆಸರು, ಚಿತ್ರ ಯಾವುದೂ ಇಲ್ಲದ ಖಾಲಿ ಚೀಟಿಯಾದರೆ ಅದು ಪ್ರಚಾರಪತ್ರವಲ್ಲ ಎಂದು ಆಯೋಗದವರು ಒಪ್ಪಿದರು. ಜಿಮುಚೋಗೆ ಇನ್ನೂ ಒಂದು ಸಂಶಯ: ಯಾರಾದರೂ ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡರೆ ಅದು ನಾವು ಮತದಾರರಿಗೆ ಕೊಟ್ಟ ಉಡುಗೊರೆಯಾಗುವುದಿಲ್ಲವೇ? ಕೊನೆಗೆ ಆರು ಪೆನ್ಸಿಲ್ಲುಗಳನ್ನೂ ದಾರದಿಂದ ಪೆಟ್ಟಿಗೆಗೆ ಕಟ್ಟಿದರು. ಈ ಬಾರಿ ನಾನು ನಗಲಿಲ್ಲ. ಗಂಟು ಹಾಕಲು ದಾರ ಹಿಡಿದುಕೊಂಡೆ.

ಭಾನುವಾರದಿಂದ ಚೀಟಿಗಳು ಬೀಳತೊಡಗಿದವು. ಅಭ್ಯರ್ಥಿ ಕಣ್ಣುಮುಚ್ಚಿ ಎತ್ತಬೇಕು, ಬೈಗುಳವಿದ್ದರೂ ಇದ್ದ ಹಾಗೆ ಓದಬೇಕು ಎಂಬುದು ನಿಯಮ. ಆ ಭಾನುವಾರ ಅವರು ಒಂಬತ್ತು ಸಲ ‘ಗೊತ್ತಿಲ್ಲ’ ಎಂದರು. ನನಗೆ ನೆಲ ಬಿರಿಯಬಾರದೇ ಎನಿಸಿತ್ತು. ಒಂಬತ್ತನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಓದಿ, ಸೋಮವಾರ ಅದೇ ಹೊತ್ತಿಗೆ ಹೋದೆವು. ಉತ್ತರ ಕೇಳಲು ಹಿಂದಿನ ದಿನದವರು ಅಕ್ಕಪಕ್ಕದವರನ್ನೂ ಕರೆತಂದಿದ್ದರು. ‘ಗೊತ್ತಿಲ್ಲ’ ಎಂದವರು ಹೇಳಿದ ಹೊತ್ತಿಗೆ ಮರಳಿ ಬಂದದ್ದೇ ಅವರಿಗೆ ಸುದ್ದಿ. ಮಂಗಳವಾರ ಗೋಪುರಗಳ ಕಡೆಯಿಂದಲೂ ಜನ ಸೇತುವೆ ದಾಟಿ ಬಂದರು.

ಅಂದು ಎತ್ತಿದ ಒಂದು ಚೀಟಿಯನ್ನು ಓದಿ ಅಭ್ಯರ್ಥಿ ನನ್ನ ಕಡೆ ಚಾಚಿದರು. “ಇದು ನಿಮಗೆ.”

‘ಗಂಟೆ ಹಿಡಿದು ನಿಂತಿರುವ ವಿದೇಶಿ ಯಾರು? ನಮ್ಮ ಚುನಾವಣೆಯಲ್ಲಿ ಆಕೆಗೆ ಏನು ಕೆಲಸ?’

ಗಂಟೆಯನ್ನು ಜಿಮುಚೋಗೆ ಕೊಟ್ಟೆ. ಮುಂದೆ ಬಂದು ಹೇಳಿದೆ: ನಾನು ಹುಟ್ಟಿದ್ದು ಮೈಸೂರಿನಲ್ಲಿ. ಈ ದೇಶದ ಪೌರತ್ವ ಬೇಡಿ ಪಡೆದವಳು. ಅದಕ್ಕಾಗಿ ಹುಟ್ಟಿದ ದೇಶದ ಪಾಸ್‌ಪೋರ್ಟನ್ನು ಹಿಂದಿರುಗಿಸಿದವಳು. ನಿಮಗೆ ಮತ ಹುಟ್ಟಿನಿಂದ ಬಂತು. ನನಗೆ ಅರ್ಜಿ ಬರೆದು ಬಂತು. ಆದ್ದರಿಂದಲೋ ಏನೋ, ಅದನ್ನು ಸುಮ್ಮನೆ ಮಡಿಸಿಡಲು ನನ್ನಿಂದ ಆಗುವುದಿಲ್ಲ. ಇನ್ನೂ ಹೇಳುವುದಿತ್ತು, ಜಿಮುಚೋ ತೊಂಬತ್ತಕ್ಕೆ ಸರಿಯಾಗಿ ಗಂಟೆ ಬಾರಿಸಿದರು, ಒಂದು ಸೆಕೆಂಡಿನ ರಿಯಾಯಿತಿಯೂ ಇಲ್ಲದೆ. ಜನ ನಕ್ಕರು. ಒಬ್ಬ ಹೆಂಗಸು ಮೆಲ್ಲಗೆ “ಅರಿಗಾತೋ” ಎಂದು ಧನ್ಯವಾದ ಹೇಳಿ ಎರಡು ಸಲ ತಲೆಬಾಗಿದರು. ಹತ್ತಾರು ಬಹುಮಾನಗಳು ಕೊಡದ ಹೆಮ್ಮೆಯನ್ನು ಆ ತೊಂಬತ್ತು ಸೆಕೆಂಡುಗಳು ಕೊಟ್ಟವು.

ಬುಧವಾರ ಎದುರಾಳಿಯ ವ್ಯಾನು ಚೌಕದ ಪಕ್ಕ ಹಾದುಹೋಯಿತು. ಪ್ರಚಾರದ ವ್ಯಾನುಗಳು ಎದುರಾದರೆ ಪರಸ್ಪರ ಹೋರಾಟಕ್ಕೆ ಶುಭ ಕೋರುವುದು ಇಲ್ಲಿನ ರೂಢಿ. “ನಿಮ್ಮ ಹೋರಾಟಕ್ಕೆ ನಮ್ಮ ಹಾರೈಕೆ” ಎಂದು ಅವರ ಘೋಷಕಿ ಧ್ವನಿವರ್ಧಕದಲ್ಲಿ ಹೇಳಿದರು. ನಮ್ಮ ವ್ಯಾನಿಗೆ ಧ್ವನಿಯೇ ಇರಲಿಲ್ಲ. ನಾನು ಗಂಟೆಯನ್ನು ಒಂದು ಸಲ ಬಾರಿಸಿದೆ; ನೆರೆದವರೆಲ್ಲ ಬಾಗಿದರು. ಆ ವ್ಯಾನು ಮುಂದಿನ ತಿರುವಿನವರೆಗೂ ಮೌನವಾಗಿ ಹೋಯಿತು.

ಗುರುವಾರ ಹಳೆಯ ಕಟ್ಟಡಗಳ ನಡುವಿನ ಅಂಗಳದಲ್ಲಿ ನಾನು ಮರೆಯಲಾರದ ಒಂದು ಚೀಟಿ ಬಂತು. ಅಭ್ಯರ್ಥಿ ಒಮ್ಮೆ ಮನಸ್ಸಿನಲ್ಲೇ ಓದಿ, ನಂತರ ಗಟ್ಟಿಯಾಗಿ ಓದಿದರು.

‘ನೀವು ಸೋತರೆ ಮತ್ತೆ ನಮ್ಮ ಮನೆಗೆ ನರ್ಸ್ ಆಗಿ ಬರುತ್ತೀರಾ? ಹಾಗಾದರೆ ನಾನು ನಿಮಗೆ ಮತ ಹಾಕುವುದಿಲ್ಲ.’

‘ಸೋತರೆ’ ಎಂಬ ಊಹೆಯ ಪ್ರಶ್ನೆಗೆ ಎಂದೂ ಉತ್ತರಿಸಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅವರು ಉತ್ತರಿಸಿದರು.

“ಬರುತ್ತೇನೆ. ಸಂಸ್ಥೆ ಮತ್ತೆ ಸೇರಿಸಿಕೊಂಡರೆ ಸೋಮವಾರವೇ ಬರುತ್ತೇನೆ. ಮತ ಹಾಕದಿದ್ದರೆ ನನಗೆ ಬೇಸರವಿಲ್ಲ. ಆದರೆ ನನಗೆ ಐವತ್ತೆಂಟು. ನಿಮ್ಮ ಮೆಟ್ಟಿಲುಗಳು ಎಪ್ಪತ್ತೆರಡು. ನನ್ನ ಹಿಂದೆ ಹತ್ತುವವರು ಯಾರೂ ಕಾಣುತ್ತಿಲ್ಲ. ಅವರನ್ನು ಹುಡುಕಲು ಹೊರಟಿದ್ದೇನೆ.”

ಇನ್ನೂ ಐವತ್ತು ಸೆಕೆಂಡು ಉಳಿದಿತ್ತು. ಅವರು ಏನೂ ಸೇರಿಸಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬರು, ಆ ಐದನೆಯ ಮಹಡಿಯ ಕಿಟಕಿಯ ಹೆಂಗಸು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಆ ಚೀಟಿ ನನ್ನದು. ವಾಪಸ್ ತೆಗೆದುಕೊಳ್ಳುತ್ತೇನೆ. ನರ್ಸ್ ಸಾನ್, ಬರಬೇಡಿ. ಅಲ್ಲಿಗೆ ಹೋಗಿ.”

ಅಷ್ಟು ದಿನಗಳಲ್ಲಿ ಆ ಚೌಕಗಳಲ್ಲಿ ಗಟ್ಟಿಯಾಗಿ ಮಾತಾಡಿದ ಮೊದಲ ಮತದಾರರು ಅವರೇ. ಗಂಟೆ ಬಾರಿಸುವುದನ್ನು ನಾನು ಮರೆತೆ, ಜಿಮುಚೋ ನೆನಪಿಸಲಿಲ್ಲ. ಕರವಸ್ತ್ರದಿಂದ ಕನ್ನಡಕ ಒರೆಸುತ್ತಿದ್ದರು.

ಶುಕ್ರವಾರ ಪಕ್ಷದ ದೊಡ್ಡ ನಾಯಕರು ಎದುರಾಳಿಯ ಪರವಾಗಿ ನಿಲ್ದಾಣಕ್ಕೆ ಬಂದರು. ಅಲ್ಲಿನ ಜನಸಂದಣಿ ನಮ್ಮದರ ಹತ್ತು ಪಟ್ಟು. ಪತ್ರಿಕೆಗಳು ಕೊನೆಯ ದಿನವೂ ಅವರೇ ಮುಂದೆ ಎಂದವು. ಭಾನುವಾರ ನಾನು ಮತಗಟ್ಟೆಯ ಪೆನ್ಸಿಲ್ ಹಿಡಿದು ಅಭ್ಯರ್ಥಿಯ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬರೆದೆ. ಎಣಿಕೆ ನಡೆದ ಶಾಲಾ ವ್ಯಾಯಾಮಶಾಲೆಯ ಮೇಲಂತಸ್ತಿನಿಂದ ಜಿಮುಚೋ ದುರ್ಬೀನಿನಲ್ಲಿ ಮತಪತ್ರದ ಕಟ್ಟುಗಳನ್ನು ನೋಡುತ್ತ ಫೋನಿನಲ್ಲಿ ವರದಿ ಮಾಡುತ್ತಿದ್ದರು. “ಸಮ.” “ಸಮ.” “ಇನ್ನೂ ಸಮ.” ಕೊನೆಗೆ, ರೈಲು ಬಂದು ನಿಂತಿದ್ದನ್ನು ತಿಳಿಸುವ ಧ್ವನಿಯಲ್ಲಿ: “ಬಂದಿತು.”

ಅಂತರ ಕೆಲವೇ ನೂರು ಮತ. ಮೂರು ತಲೆಮಾರಿನ ಸ್ಥಾನ ಸೈಕಲ್ ತುಳಿದವರ ಕೈಗೆ ಬಂದಿತ್ತು.

ಧ್ವನಿವರ್ಧಕ ನಿಲ್ಲಿಸಿದ್ದರಿಂದಲೇ ಗೆದ್ದೆವು ಎಂದು ನಾನು ಸಾಧಿಸಲಾರೆ. ಸಾಕ್ಷ್ಯವಿಲ್ಲದ ವಾದವನ್ನು ನನಗೆ ಚರ್ಚೆ ಕಲಿಸಿದ ಗುರುಗಳು ಒಪ್ಪುತ್ತಿರಲಿಲ್ಲ. ಆದರೂ ಒಂದನ್ನು ಹೆಮ್ಮೆಯಿಂದ ಹೇಳಬಲ್ಲೆ. ಒಂದು ಪಾರ್ಲಿಮೆಂಟ್ ಸ್ಥಾನಕ್ಕಾಗಿ ನಡೆದ ಆ ಹೋರಾಟದಲ್ಲಿ ನಾವು ಯಾರ ನಿದ್ದೆಯನ್ನೂ ಎರಡನೆಯ ಸಲ ಕೆಡಿಸಲಿಲ್ಲ, ನಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಯಾರಿಗೂ ಹೇಳಲಿಲ್ಲ.

ಪೆಟ್ಟಿಗೆಯಲ್ಲಿ ಓದದೆ ಉಳಿದ ಚೀಟಿಗಳಿದ್ದವು. ಪ್ರಮಾಣವಚನದ ನಂತರದ ಮೊದಲ ಭಾನುವಾರ ಈಗ ಸಂಸತ್ ಸದಸ್ಯರಾಗಿದ್ದ ನಮ್ಮ ನರ್ಸ್ ಸಾನ್ ಅದೇ ಅಂಗಳದಲ್ಲಿ ನಿಂತು ಅವನ್ನು ಎತ್ತತೊಡಗಿದರು. ಮೊದಲ ಚೀಟಿ: ‘ನಮ್ಮ ಕಟ್ಟಡಕ್ಕೆ ಹೊಸ ನರ್ಸ್ ಯಾವಾಗ?’ ಅವರು, “ಗೊತ್ತಿಲ್ಲ. ಮುಂದಿನ ಭಾನುವಾರ, ಹತ್ತು ಗಂಟೆಗೆ” ಎಂದರು. ಮುಂದಿನ ಭಾನುವಾರ ಹತ್ತಕ್ಕೆ ಬಂದರು. ಯಾವ ಸಮಿತಿಯಲ್ಲಿ ಈ ವಿಷಯ ಯಾವ ದಿನ ಬರುತ್ತದೆ, ಅಲ್ಲಿ ತಾವು ಏನು ಕೇಳಲಿದ್ದಾರೆ ಎಂಬುದನ್ನು ಓದಿ ಹೇಳಿದರು. ಹೊಸ ನರ್ಸ್ ಇನ್ನೂ ಬಂದಿಲ್ಲ. ಪ್ರಶ್ನೆ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಇದೆ. ಅದಕ್ಕೆ ಗೆರೆ ಎಳೆದಿಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ನೀವು ಯಾವ ಊರಿನಲ್ಲೇ ಇರಿ, ನಿಮ್ಮ ಬೀದಿಗೆ ಮತ ಕೇಳಲು ಬಂದವರ ಕೈಗೆ ಒಂದು ಪ್ರಶ್ನೆಯನ್ನು ಬರೆದುಕೊಡಿ. ಉತ್ತರ ಯಾವ ದಿನ, ಯಾವ ಜಾಗದಲ್ಲಿ ಎಂದು ಅವರಿಂದಲೇ ಹೇಳಿಸಿಕೊಳ್ಳಿ. ಆ ದಿನ ಅಲ್ಲಿಗೆ ಹೋಗಿ ನಿಲ್ಲಿ.